ಕೌದಿ ಮೋಡ

ನಮ್ಮ ಹತ್ತಿಗೇರಿಯ ಮಾಳಿಗೆಗಳು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮನೆಯವರ ಸೊತ್ತಲ್ಲ. ಸಿಟ್ಟಿನಲ್ಲಿ ಹೇಳುತ್ತಿರುವ ಮಾತಲ್ಲ ಇದು. ನಿಯಮ ಹನ್ನೊಂದರ ಮೊದಲ ಸಾಲೇ ಹಾಗಿದೆ. ಆ ನಿಯಮ ಬರೆಯಲು ಕೂತಿದ್ದ ಐವರಲ್ಲಿ ನಾನೂ ಒಬ್ಬಳು. ಹಾಗಾಗಿ ಯಾರನ್ನಾದರೂ ಬಯ್ಯಬೇಕೆನಿಸಿದರೆ ಮೊದಲು ನನ್ನಿಂದಲೇ ಶುರುಮಾಡಬೇಕು.

ನಾನು ವಿದ್ಯುತ್ ಇಲಾಖೆಗೆ ಸೇರಿದ ವರ್ಷ ಮನೆಯ ಮೇಲೆ ಸೋಲಾರ್ ಹಾಕಿಸುವುದೆಂದರೆ ದೊಡ್ಡ ರಗಳೆ. ಬ್ಯಾಂಕಿನಲ್ಲಿ ಸಾಲ, ಸಬ್ಸಿಡಿಗೆ ಒಂದು ಅರ್ಜಿ, ಎರಡೂ ಕಡೆ ಓಡುವ ಮೀಟರಿಗೆ ಇನ್ನೊಂದು ಅರ್ಜಿ, ತಪಾಸಣೆಗೆ ಬಂದವರಿಗೆ ಚಹಾ ಉಪ್ಪಿಟ್ಟು, ಹೀಗೆ ಆರು ತಿಂಗಳು ಹೋಗುತ್ತಿತ್ತು. ಉಳ್ಳವರು ಹಾಕಿಸಿಕೊಂಡರು. ಉಳಿದವರು ಅವರ ಮಾಳಿಗೆ ನೋಡುತ್ತ ಬಿಲ್ಲು ಕಟ್ಟಿದರು. ಆಮೇಲೆ ಗಾಜಿನ ಫಲಕ ಹೋಗಿ, ಚಾಪೆಯ ಹಾಗೆ ಸುತ್ತಿ ತರಬಹುದಾದ ಸೌರ ಹಾಳೆ ಬಂತು. ಬೆಲೆ ನೆಲಕ್ಕಿಳಿಯಿತು. ಸರಕಾರ ಹೊಸ ಮಾತು ತೆಗೆಯಿತು: ಮನೆಮನೆಗೂ ಹಾಳೆ ಪುಕ್ಕಟೆ, ಹಗಲಿನ ಕರೆಂಟೂ ಪುಕ್ಕಟೆ. ಬದಲಿಗೆ ಇಡೀ ಊರು ಹಗಲು ಆರು ತಾಸು ರಾಜ್ಯದ ದೊಡ್ಡ ಲೈನಿನಿಂದ ಬಿಡಿಸಿಕೊಂಡು ತನ್ನ ಬಿಸಿಲಿನ ಮೇಲೆ ತಾನೇ ನಿಲ್ಲಬೇಕು. ಹಾಗೆ ನಿಂತ ಪ್ರತಿ ದಿನಕ್ಕೂ ಊರಿಗೆ ಪ್ರೋತ್ಸಾಹಧನ. ಎಷ್ಟು ದಿನವಾಯಿತೆಂದು ತೋರಿಸಲು ಬಸ್ ಸ್ಟ್ಯಾಂಡಿನ ಎದುರು ಒಂದು ಬೋರ್ಡು ನಿಲ್ಲಿಸಿದ್ದರು. ನಾನು ಹೇಳುತ್ತಿರುವ ದಿನ ಅದರಲ್ಲಿ ೬೧೨ ಎಂದಿತ್ತು.

ಪುಕ್ಕಟೆ ಬಂದದ್ದರ ಹಿಂದೆ ಷರತ್ತುಗಳೂ ಬಂದವು. ಮನೆಯಲ್ಲಿ ಬ್ಯಾಟರಿ ಇಡುವಂತಿಲ್ಲ. ಎಲ್ಲರೂ ತಮ್ಮ ತಮ್ಮ ಬ್ಯಾಟರಿ ತುಂಬಿಕೊಳ್ಳುತ್ತ ಕೂತರೆ ಊರಿಗೆ ಏನು ಉಳಿಯಬೇಕು? ಇನ್ವರ್ಟರುಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋದರು. ಹಾಳೆಗಳ ಮೇಲೆ ನೆರಳು ಬೀಳುವಂತಿಲ್ಲ. ಹಪ್ಪಳ, ಶಾಂಡಿಗೆ, ಮೆಣಸಿನಕಾಯಿ ಏನನ್ನೂ ಅಲ್ಲಿ ಒಣಗಿಸುವಂತಿಲ್ಲ. ಮೊದಲ ಬೇಸಿಗೆಯಲ್ಲಿ ಹೆಂಗಸರು ನಮಗೆ ಹಾಕಿದ ಶಾಪ ಸ್ವಲ್ಪವಲ್ಲ. ಆದರೆ ಬಿಲ್ಲು ಬರುವುದು ನಿಂತಿತ್ತು, ಶಾಪವೂ ಮೆಲ್ಲಗೆ ನಿಂತಿತು.

ಹಾಳೆಯ ಮೇಲೆ ಕದ್ದು ಏನಾದರೂ ಹಾಕಿದರೆ ನಮಗೆ ಗೊತ್ತಾಗುತ್ತಿತ್ತು. ನಮ್ಮ ಕಂಟ್ರೋಲ್ ರೂಮಿಗೆ ಒಂದೊಂದು ಮಾಳಿಗೆಯ ಲೆಕ್ಕವೂ ನಾಲ್ಕು ಸೆಕೆಂಡಿಗೊಮ್ಮೆ ಬರುತ್ತದೆ. ಮೋಡದ ನೆರಳು ನಡೆಯುತ್ತ ಬರುತ್ತದೆ; ಒಂದು ಮನೆ ಮಂಕಾಗಿ ಆಮೇಲೆ ಪಕ್ಕದ ಮನೆ ಮಂಕಾಗುತ್ತದೆ, ಗಾಳಿಯ ವೇಗದಲ್ಲಿ. ಬಟ್ಟೆ ಹೊದಿಸಿದರೆ ಹಾಗಲ್ಲ. ಒಂದೇ ಮನೆ, ಒಂದೇ ಏಟಿಗೆ, ಅಕ್ಕಪಕ್ಕದಲ್ಲಿ ಏನೂ ಇಲ್ಲ. ಯಂತ್ರ ಎರಡನ್ನೂ ಬೇರೆ ಮಾಡಿ ಹೇಳುತ್ತಿತ್ತು. ಕರೆಂಟು ಸಾಲದೆ ಬಂದರೆ ಹಾಳೆ ಮುಚ್ಚಿದ ಮನೆಗಳು ಹೆಚ್ಚಿರುವ ಓಣಿಯ ಕರೆಂಟನ್ನೇ ಮೊದಲು ಆರಿಸುತ್ತಿತ್ತು. ನ್ಯಾಯವಾಗಿಯೇ ಇದೆ ಎಂದುಕೊಂಡಿದ್ದೆವು.

ಒಂದು ವಿನಾಯಿತಿ ಇತ್ತು. ಮನೆಯಲ್ಲಿ ಆಕ್ಸಿಜನ್ ಮಷಿನ್ ಮೇಲೆ ಬದುಕಿರುವವರು ಇದ್ದರೆ ಆ ಓಣಿಗೆ ‘ಸಂರಕ್ಷಿತ’ ಎಂಬ ಗುರುತು, ಅದನ್ನು ಯಂತ್ರ ಮುಟ್ಟುವುದಿಲ್ಲ. ಗುರುತು ಬಂದದ್ದೇ ತಡ, ಊರಿನಲ್ಲಿ ಎರಡು ಸಾವಿರ ಜನರಿಗೆ ಉಸಿರಾಟದ ತೊಂದರೆ ಎಂದು ಡಾಕ್ಟರ ಚೀಟಿಗಳು ಬಂದವು. ಅದರಲ್ಲೂ ಅರ್ಧ ಜನ ಹಾಳೆಯ ಮೇಲೆ ಮೆಣಸಿನಕಾಯಿ ಹರವಿದವರೇ. ನನಗೆ ಪಿತ್ತ ನೆತ್ತಿಗೇರಿತು. ನಿಯಮಕ್ಕೆ ಒಂದು ಬಾಲ ಸೇರಿಸಿದೆ: ಸಂರಕ್ಷಿತ ಮನೆಯವರೇ ತಮ್ಮ ಹಾಳೆ ಮುಚ್ಚಿದರೆ, ಮುಚ್ಚಿರುವಷ್ಟು ಹೊತ್ತು ಗುರುತು ರದ್ದು. ಹನ್ನೊಂದು ‘ಸಿ’. ಮೇಲಿನವರು ಭೇಷ್ ಎಂದರು.

ಆ ಗುರುತು ಇದ್ದ ಮನೆಗಳಲ್ಲಿ ನಮ್ಮದೂ ಒಂದು.

ನನ್ನ ಅಕ್ಕ ಕಸ್ತೂರಿಗೆ ಐವತ್ತೆಂಟು ವರ್ಷ. ಅವ್ವ ತೀರಿಕೊಂಡಾಗ ನಾನು ಮೂರನೇ ಇಯತ್ತೆ. ಅಕ್ಕ ಜಿನ್ನಿಂಗ್ ಮಿಲ್ಲಿಗೆ ಹೋಗತೊಡಗಿದಳು. ಹತ್ತಿಯಿಂದ ಬೀಜ ಬಿಡಿಸುವ ಆ ಶೆಡ್ಡಿನಲ್ಲಿ ಇಪ್ಪತ್ತೇಳು ವರ್ಷ ನಿಂತಳು. ನನ್ನ ಡಿಪ್ಲೊಮಾ, ನನ್ನ ನೌಕರಿ ಎಲ್ಲ ಆ ಹತ್ತಿಯ ಧೂಳಿನಿಂದ ಬಂದದ್ದು. ಧೂಳು ಮಾತ್ರ ಅವಳ ಎದೆಯಲ್ಲೇ ಉಳಿಯಿತು. ಈಗ ಮೂಗಿಗೆ ನಳಿಕೆ, ಮಂಚದ ಪಕ್ಕ ಗುರ್ ಎನ್ನುವ ಮಷಿನ್. ಮಷಿನ್ ನಿಂತರೆ ಹತ್ತು ನಿಮಿಷ, ಹೆಚ್ಚೆಂದರೆ ಹನ್ನೆರಡು ಎಂದು ಡಾಕ್ಟರು ಹೇಳಿದ್ದರು. ಮೊದಲು ಮನೆಯಲ್ಲಿ ಒಂದು ಸಿಲಿಂಡರು ಇಟ್ಟಿದ್ದರು. ಕರೆಂಟು ಹೋಗುವುದೇ ಇಲ್ಲ ಎಂದು ಸರಕಾರ ಖಾತ್ರಿ ಕೊಟ್ಟ ಮೇಲೆ ಆಸ್ಪತ್ರೆಯವರು ಅದನ್ನು ವಾಪಸ್ ಒಯ್ದರು.

ಎದೆರೋಗದ ದವಾಖಾನೆಯಲ್ಲಿ ಅಕ್ಕನ ಪಕ್ಕದ ಕುರ್ಚಿ ಪಿಂಜಾರ ಓಣಿಯ ರಾಜೇಸಾಬ ನದಾಫರದು. ಗಾದಿಗೆ ಹತ್ತಿ ಹಿಂಜುತ್ತ ಜೀವಮಾನ ಕಳೆದವರು, ಅದೇ ಧೂಳು, ಅದೇ ರೋಗ. “ನೀವು ಹತ್ತಿ ಬಿಡಿಸಿದ್ರಿ, ನಾ ಹತ್ತಿ ಹಿಂಜಿದೆ, ಕಡೀಕ ಹತ್ತಿನ ನಮ್ಮಿಬ್ಬರನ್ನೂ ಹಿಂಜಿತು ನೋಡ್ರಿ ಕಸ್ತೂರೆಕ್ಕಾ” ಎಂದು ಅವರು ನಗುತ್ತಿದ್ದರು. ಇಬ್ಬರಿಗೂ ನಗು ಬಂದರೆ ಕೆಮ್ಮು ಬರುತ್ತಿತ್ತು. ನರ್ಸ್ ಬಂದು ಇಬ್ಬರನ್ನೂ ಗದರಿಸುತ್ತಿದ್ದಳು.

ನವರಾತ್ರಿಗೆ ಘಟ ಹಾಕುವ ಹಿಂದಿನ ದಿನ. ನಮ್ಮ ಕಡೆ ಘಟ ಕೂರುವುದರೊಳಗೆ ಮನೆಯ ಹಾಸಿಗೆ ಹೊದಿಕೆಯೆಲ್ಲ ತೊಳೆದು ಮಡಿಯಾಗಬೇಕು. ಸಣ್ಣವಳಿದ್ದಾಗ, ಹಳೆ ಸೀರೆಗಳ ತೇಪೆ ಹೊಲಿದ ಕೌದಿಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹಳ್ಳಕ್ಕೆ ಹೋಗುತ್ತಿದ್ದೆವು. ಈಗ ಹಳ್ಳದಲ್ಲಿ ನೀರಿಲ್ಲ, ನಳದಲ್ಲೂ ಒಂದೊಂದು ಓಣಿಗೆ ವಾರಕ್ಕೊಮ್ಮೆಯಂತೆ ಸರದಿ. ಆ ಸಲ ಹದಿಮೂರು ದಿನ ನೀರು ಬಂದಿರಲಿಲ್ಲ. ಹಬ್ಬಕ್ಕೆ ಜನರನ್ನು ಖುಷಿಪಡಿಸೋಣ ಎಂದು ಯಾರಿಗೆ ಹೊಳೆಯಿತೋ, ಸರದಿ ಬಿಟ್ಟು ಇಡೀ ಊರಿಗೆ ಒಂದೇ ಬೆಳಿಗ್ಗೆ, ಆರರಿಂದ ಹತ್ತರವರೆಗೆ ನೀರು ಬಿಟ್ಟರು.

“ದಾನೀ, ನಳಾ ಬಂತು, ಏಳು” ಎಂದು ಅಕ್ಕ ಮಂಚದ ಮೇಲಿಂದಲೇ ಕೂಗಿದಳು. ನಾನು ಕೊಡ ತುಂಬಿಸಿ, ಹಂಡೆ ತುಂಬಿಸಿ, ಬಂದು ನೋಡಿದರೆ ತನ್ನ ಕೆಳಗಿನ ಕೌದಿಯನ್ನು ಎಳೆದು ತೆಗೆದು ಬರೀ ಗಾದಿಯ ಮೇಲೆ ಕೂತಿದ್ದಾಳೆ.

“ಇದನ್ನೂ ತೊಳದು ಬಿಡು.”

“ತೊಳದು ಎಲ್ಲಿ ಒಣಗಸ್ಲಿ ಅಕ್ಕಾ? ಓಣ್ಯಾಗಿನ ಹಗ್ಗ ಎಲ್ಲಾ ತುಂಬ್ಯಾವ. ಬಿಸಲರೆ ಎಲ್ಲೈತಿ ಈ ಸಂದ್ಯಾಗ?”

“ಮ್ಯಾಲೆ ಹಾಳಿ ಮ್ಯಾಲೆ ಒಗದು ಬಾ. ತಾಸಿನ್ಯಾಗ ಗರಿಗರಿ ಆಗತೈತಿ.”

“ನಾ ಬರದ ನಿಯಮ ನಾನ ಮುರೀಲೇನು?”

“ನಾಳೆ ಘಟ ಕುಂದ್ರತೈತಿ. ಮೈಲಗಿ ಹಾಸಿಗಿ ಮ್ಯಾಲೆ ಮಲಕೊಂಡು ದೇವರಿಗೆ ಕೈ ಮುಗೀಲೇನು?” ಅಷ್ಟು ಹೇಳುವುದರಲ್ಲಿ ಅವಳಿಗೆ ಏದುಸಿರು ಬಂತು. ಸುಧಾರಿಸಿಕೊಂಡು ಹೇಳಿದಳು: “ಒಂದ ಕೌದಿಗೆ ಊರೇನು ಮುಳುಗಿ ಹೋಗತೈತಿ?”

ನಾನು ಕರಗಿದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜ ಹೇಳಬೇಕೆಂದರೆ ನನಗೂ ಅವಳ ಮಾತು ಸರಿ ಎನಿಸಿತು. ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಮೂವತ್ತು ಸಾವಿರ ಮಾಳಿಗೆಗಳಲ್ಲಿ ಒಂದು, ಅದೂ ಒಂದು ತಾಸು, ಕಂಟ್ರೋಲ್ ರೂಮಿನ ಮುಳ್ಳು ಕೂದಲೆಳೆಯಷ್ಟೂ ಅಲ್ಲಾಡುವುದಿಲ್ಲ. ಮುಕ್ಕಾಲು ತಾಸು ಕೌದಿ ತುಳಿದು ತೊಳೆದೆ. ಎಂಟೂವರೆಗೆ ಹಾಳೆಯ ಮೇಲೆ ಹರವಿದೆ. ಹಾಳೆಗಳು ಸೊಂಟದೆತ್ತರ, ದಕ್ಷಿಣಕ್ಕೆ ಇಳಿಜಾರು. ಕೌದಿ ಒಣಗಿಸಲಿಕ್ಕೇ ಮಾಡಿಸಿದಂತಿವೆ. ಪಕ್ಕದ ಮನೆಯ ಪಾರವ್ವನಿಗೆ, ಹತ್ತರೊಳಗೆ ತೆಗೆದುಬಿಡು ಎಂದೆ. “ಆತು ತಗೋ, ತಗೀತೀನಿ” ಎಂದಳು. ಅವಳ ಬಚ್ಚಲ ಮುಂದೆ ಐದು ಕೌದಿ ನೆನೆದು ಬಿದ್ದಿದ್ದವು. ಅದನ್ನು ನಾನು ನೋಡಿದೆ, ನೋಡಿ ಕೆಲಸಕ್ಕೆ ಹೋದೆ.

ಕಂಟ್ರೋಲ್ ರೂಮಿನಲ್ಲಿ ನನ್ನ ಜೊತೆಗೆ ಗುರುನಾಥ, ಹತ್ತು ವರ್ಷದ ಅನುಭವದ ಆಪರೇಟರ್. ಹತ್ತಕ್ಕೆ ಸರಿಯಾಗಿ ಊರನ್ನು ದೊಡ್ಡ ಲೈನಿನಿಂದ ಬಿಡಿಸಿದೆವು. ಉತ್ಪತ್ತಿ ಎಂದಿಗಿಂತ ಸ್ವಲ್ಪ ಕಡಿಮೆ ಇತ್ತು. ಧೂಳು ಇರಬೇಕು ಎಂದೆ. ಅದೇ ಹತ್ತಕ್ಕೆ ನಳದ ನೀರು ನಿಂತಿತ್ತು. ನಾಲ್ಕು ತಾಸು ನೆನೆಸಿ, ತುಳಿದು, ಹಿಂಡುತ್ತಿದ್ದ ಹೆಂಗಸರೆಲ್ಲ ಒಟ್ಟಿಗೆ ಮೆಟ್ಟಿಲು ಹತ್ತಿದ್ದರು. ಇದು ನಮಗೆ ಆಗ ಗೊತ್ತಿರಲಿಲ್ಲ.

“ಮೇಡಂ, ಮೋಡ ಬಂದೈತ್ರಿ” ಎಂದ ಗುರುನಾಥ.

ನಲವತ್ತೊಂದು ಮೆಗಾವ್ಯಾಟ್ ಇದ್ದದ್ದು ಮೂವತ್ತಾರಾಗಿತ್ತು. ಆಕಾಶದ ಕ್ಯಾಮೆರಾದಲ್ಲಿ ನೋಡಿದೆ, ತೊಳೆದಿಟ್ಟ ನೀಲಿ. ಅವನಿಗೆ ನಂಬಿಕೆಯಾಗದೆ ಹೊರಗೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು ನೋಡಿ ಬಂದ. “ಒಂದ ಎಳಿ ಅಷ್ಟೂ ಇಲ್ರಿ.” ಅಷ್ಟರಲ್ಲಿ ಮೂವತ್ತೊಂದು. ನಮ್ಮ ಮುನ್ಸೂಚನೆಯ ಯಂತ್ರಕ್ಕೆ ಮೋಡ ಗೊತ್ತು, ಮಂಜು ಗೊತ್ತು, ಗ್ರಹಣ ಗೊತ್ತು, ಹದ್ದಿನ ನೆರಳೂ ಗೊತ್ತು. ಅದು ಮುಚ್ಚಿದ ಮನೆಗಳೆಂದು ತೋರಿಸುತ್ತಿದ್ದ ಸಂಖ್ಯೆ ಒಂಬತ್ತು ಸಾವಿರ ದಾಟಿತ್ತು. ಯಂತ್ರ ಕೆಟ್ಟಿದೆ ಎಂದುಕೊಂಡೆ. ಗುರುನಾಥ ಗೋಪುರದ ಮೇಲಿನ ಕ್ಯಾಮೆರಾವನ್ನು ಕೆಳಗೆ ಬಾಗಿಸಿ ಊರಿನ ಕಡೆ ತಿರುಗಿಸಿದ.

ಕೆಂಪು, ಹಸಿರು, ನೀಲಿ, ಹಳದಿ. ಕಣ್ಣು ಹಾಯಿಸಿದ ಕಡೆಯೆಲ್ಲ ಮಾಳಿಗೆಗಳ ಮೇಲೆ ತೇಪೆ ತೇಪೆಯ ಕೌದಿಗಳು. ಊರಿಗೆ ಊರೇ ಹೊದ್ದುಕೊಂಡು ಮಲಗಿದ ಹಾಗಿತ್ತು. ಗುರುನಾಥ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಇದಕ್ಕೆ ಕೌದಿ ಮೋಡ ಅಂತ ಹೆಸರಿಡೂಣ್ರಿ ಮೇಡಂ ಎಂದ. ಆ ನಗು ಎಷ್ಟು ಹೊತ್ತು ಇತ್ತೆಂದು ನನಗೆ ಸರಿಯಾಗಿ ನೆನಪಿದೆ, ಯಾಕೆಂದರೆ ಅದರ ನಡುವೆಯೇ ಎಚ್ಚರಿಕೆಯ ಮೊದಲ ಗಂಟೆ ಹೊಡೆಯಿತು.

ಉತ್ಪತ್ತಿಯೂ ಬಳಕೆಯೂ ಸರಿಸಮ ಇದ್ದರೆ ನಮ್ಮ ಮುಳ್ಳು ಐವತ್ತರಲ್ಲಿ ನಿಲ್ಲುತ್ತದೆ. ಬಳಕೆ ಹೆಚ್ಚಾದರೆ ಕೆಳಗೆ ಜಾರುತ್ತದೆ. ತೀರ ಜಾರಿದರೆ ಇಡೀ ಊರು ಒಮ್ಮೆಲೇ ಆರುತ್ತದೆ, ದೊಡ್ಡ ಆಸ್ಪತ್ರೆಯೂ ಸೇರಿ. ಅದಕ್ಕೇ ಒಂದೊಂದೇ ಓಣಿ ಆರಿಸಿ ಉಳಿದದ್ದನ್ನು ಉಳಿಸಿಕೊಳ್ಳಬೇಕು. ಊರಿನ ಸಾಮಾನ್ಯ ಬ್ಯಾಟರಿ ಕಾಲು ತಾಸು ತಡೆಯಿತು, ಆಮೇಲೆ ಅದೂ ಖಾಲಿ. ದೊಡ್ಡ ಲೈನಿಗೆ ಮರಳಿ ಸೇರಿಸಿಕೊಳ್ಳಿ ಎಂದು ರಾಜ್ಯದ ಕೇಂದ್ರಕ್ಕೆ ಕೇಳಿದೆ. ಮುಳ್ಳಿಗೆ ಮುಳ್ಳು ಹೊಂದಿಸಿ, ಅನುಮತಿ ಕೊಟ್ಟು, ಸೇರಿಸಲು ಅರ್ಧ ತಾಸು ಎಂದರು. ಉತ್ಪತ್ತಿ ಇಳಿಯುತ್ತಲೇ ಇತ್ತು, ಯಂತ್ರ ಓಣಿಗಳನ್ನು ಆರಿಸುತ್ತ ಹೋಯಿತು. ನಾವು ಬರೆದುಕೊಟ್ಟ ನ್ಯಾಯದ ಪ್ರಕಾರವೇ ಆರಿಸುತ್ತಿತ್ತು.

ಹತ್ತು ನಲವತ್ನಾಲ್ಕಕ್ಕೆ ಮೂವತ್ತೊಂದನೇ ಓಣಿ ಆರಿತು. ಪಕ್ಕದಲ್ಲಿ ಕಾರಣ: ‘ಸಂರಕ್ಷಣೆ ರದ್ದು, ೧೧ ಸಿ’.

ಅದು ನಮ್ಮ ಓಣಿ. ನಮ್ಮ ಓಣಿಯಲ್ಲಿ ಎಲ್ಲರೂ ಹಾಳೆ ಮುಚ್ಚಿದ್ದರು, ಆದರೆ ಅಕ್ಕನ ಮಷಿನ್ ಒಂದು ಇಡೀ ಓಣಿಯನ್ನು ಕಾಯುತ್ತಿತ್ತು. ನನ್ನ ಕೌದಿ ಆ ಕಾವಲು ತೆಗೆದುಹಾಕಿತ್ತು. ಪಾರವ್ವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಆಂಬುಲೆನ್ಸಿಗೆ ಮಾಡಿದೆ, ಕಾಲು ತಾಸು ಎಂದರು. ಅಕ್ಕನಿಗೆ ಮಾಡಿದೆ. ಎತ್ತಿದಳು. ಮೊದಲು ಬರೀ ಉಸಿರು.

“ದಾನೀ... ಮಷಿನ್ ನಿಂತೈತಿ.”

“ಎದ್ದು ಕೂತು ಮುಂದ ಬಾಗು ಅಕ್ಕಾ. ಮಾತಾಡಬ್ಯಾಡ. ಫೋನ್ ಇಡಬ್ಯಾಡ.”

ಅವಳು ಇಡಲಿಲ್ಲ. ಆ ಉಸಿರನ್ನು ಕಿವಿಗೆ ಹಚ್ಚಿಕೊಂಡೇ ನಾನು ಪರದೆ ನೋಡಿದೆ. ಕರೆಂಟು ಇದ್ದದ್ದು ಆಸ್ಪತ್ರೆಗೆ ಮತ್ತು ನಾಲ್ಕು ಓಣಿಗಳಿಗೆ ಮಾತ್ರ, ನಾಲ್ಕೂ ಸಂರಕ್ಷಿತ. ಉಳಿದವನ್ನೆಲ್ಲ ಯಂತ್ರ ಆಗಲೇ ಆರಿಸಿತ್ತು. ಒಂದು ಓಣಿಯನ್ನು ಕೈಯಿಂದ ಹಚ್ಚಬಹುದು, ಅಷ್ಟೇ ಬಳಕೆಯ ಇನ್ನೊಂದನ್ನು ಆರಿಸಿದರೆ. ನಾಲ್ಕರಲ್ಲಿ ಎರಡರ ಮುಂದೆ ‘ಜೀವರಕ್ಷಕ ಮನೆ: ೩’ ಎಂದಿತ್ತು. ಒಂದರ ಮುಂದೆ ೨. ಹದಿನಾಲ್ಕನೇ ಓಣಿಯ ಮುಂದೆ ೧. ಅಲ್ಲಿ ಒಂದು ಮನೆಯೂ ಹಾಳೆ ಮುಚ್ಚಿರಲಿಲ್ಲ. ಹಬ್ಬಕ್ಕೆ ಹೊಸ ಗಾದಿಗಳ ಬೇಡಿಕೆ, ಹತ್ತಿ ಹಿಂಜುವ ಯಂತ್ರಗಳು ಎಲ್ಲ ಮನೆಯಲ್ಲೂ ಓಡುತ್ತಿದ್ದವು, ಬಳಕೆ ಸರಿಯಾಗಿ ನಮ್ಮ ಓಣಿಯಷ್ಟೇ. ಹದಿನಾಲ್ಕು ಎಂದರೆ ಪಿಂಜಾರ ಓಣಿ. ಅದು ನನಗೆ ಗೊತ್ತಿತ್ತು. ಆ ಒಂದು ಯಾರೆಂಬುದನ್ನು ನಾನು ಯೋಚಿಸಲಿಲ್ಲ, ಯೋಚಿಸಿದ್ದರೆ ತಿಳಿಯುತ್ತಿತ್ತು.

ಎಂಟು ನಿಮಿಷ ಯಾವ ಓಣಿಯನ್ನೂ ಮುಟ್ಟಲಿಲ್ಲ. ಪರದೆಯ ಮೇಲೆ ಬೇರೆ ದಾರಿ ಹುಡುಕಿದೆ, ರಾಜ್ಯ ಕೇಂದ್ರದವರನ್ನು ಬಯ್ದೆ, ಕಾಲು ಹಿಡಿಯುತ್ತೇನೆ ಎಂದೆ. ಫೋನಿನಲ್ಲಿ ಅಕ್ಕನ ಉಸಿರು ಮೊದಲು ಜೋರಾಯಿತು. ಆಮೇಲೆ ಸಣ್ಣದಾಗತೊಡಗಿತು.

ನನ್ನ ಬೆರಳು ಹದಿನಾಲ್ಕರ ಮೇಲೆ ಹೋದದ್ದನ್ನು ಗುರುನಾಥ ನೋಡಿದ.

“ಮೇಡಂ, ಅಲ್ಲಿ ಒಂದು ಐತ್ರಿ.”

“ನೋಡೀನಿ” ಎಂದೆ.

ಹತ್ತು ಐವತ್ತೆರಡಕ್ಕೆ ಒತ್ತಿದೆ. ಫೋನಿನಲ್ಲಿ ಮಷಿನ್ ಗುರ್ ಎಂದಿತು.

ಹನ್ನೊಂದು ಎಂಟಕ್ಕೆ ದೊಡ್ಡ ಲೈನ್ ಸೇರಿತು. ಎಲ್ಲ ಓಣಿಗಳೂ ಬಂದವು. ಬಸ್ ಸ್ಟ್ಯಾಂಡಿನ ಬೋರ್ಡಿನಲ್ಲಿ ೬೧೨ ಹೋಗಿ ೦ ಬಂತು. ಕೌದಿಗಳು ಮಧ್ಯಾಹ್ನದೊಳಗೆ ಒಣಗಿದವು ಎಂದು ಕೇಳಿದೆ.

ರಾಜೇಸಾಬರು ತೀರಿಕೊಂಡ ಸುದ್ದಿ ಸಂಜೆ ಆಸ್ಪತ್ರೆಯಲ್ಲಿ ತಿಳಿಯಿತು. ಅಕ್ಕನನ್ನು ಅಲ್ಲಿಗೆ ಸೇರಿಸಿದ್ದೆ. ಅಕ್ಕನ ಪಕ್ಕದ ಕುರ್ಚಿಯ ಮನುಷ್ಯ. ನರ್ಸ್ ಹೇಳಿ ಹೋದಳು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಅತ್ತಳು. ನಾನು ಅವಳ ಬೆನ್ನು ಸವರಿದೆ. ಅದೇ ಕೈಯಿಂದ ಸವರುತ್ತಿದ್ದೇನೆ ಎಂಬುದು ಗೊತ್ತಿದ್ದೂ ಸವರಿದೆ.

ವಿಚಾರಣೆಗೆ ಮೂವರು ಬಂದರು. ದಾಖಲೆಯಲ್ಲಿ ಹದಿನಾಲ್ಕನೇ ಓಣಿಯ ಮುಂದೆ ‘ಕೈಯಿಂದ’ ಎಂದು ಇರಬೇಕಾದ ಜಾಗದಲ್ಲಿ ‘ಸ್ವಯಂಚಾಲಿತ’ ಎಂದಿತ್ತು. ಗುರುನಾಥ ತಿದ್ದಿದ್ದ. ನನ್ನನ್ನು ಕೇಳಿರಲಿಲ್ಲ, ನೋಡಿದ ಮೇಲೆ ನಾನೂ ಏನೂ ಅನ್ನಲಿಲ್ಲ. ಚಹಾ ಕುಡಿಯುವಾಗ ಅವನು, “ನಿಮ್ಮ ಜಾಗಾದಾಗ ಯಾರಿದ್ರೂ ಹಂಗ ಮಾಡ್ತಿದ್ರು ಬಿಡ್ರಿ ಮೇಡಂ” ಎಂದ. ಯಾರಿದ್ದರೂ ಮಾಡುತ್ತಿದ್ದರೋ ಇಲ್ಲವೋ, ಮಾಡಿದ್ದು ನಾನು. ವರದಿ ಬಂತು. ತಪ್ಪು ಕೌದಿಗಳದು. ಇನ್ನು ಮುಂದೆ ನವರಾತ್ರಿಯ ವಾರ ಓಣಿಗಳಿಗೆ ಬೇರೆ ಬೇರೆ ದಿನ ನೀರು ಬಿಡಬೇಕು, ಹನ್ನೊಂದು ‘ಡಿ’. ಊರಿನವರಿಗೆ ಸಿಟ್ಟು ಬಂದದ್ದು ಬೋರ್ಡಿನ ಸೊನ್ನೆಯ ಮೇಲೆ. ಪಿಂಜಾರ ಓಣಿಯ ಒಬ್ಬ ಮುದುಕ ಸತ್ತದ್ದು ಪತ್ರಿಕೆಯಲ್ಲಿ ಎರಡು ಸಾಲು ಬಂತು.

ಅಕ್ಕ ಆಸ್ಪತ್ರೆಯಿಂದ ಬರಲು ತಿಂಗಳಾಯಿತು. ಬಂದವಳು ಹಟ ಹಿಡಿದಳು, ರಾಜೇಸಾಬರ ಮನೆಗೆ ಹೋಗಲೇಬೇಕೆಂದು. ಇವತ್ತು ನಾಳೆ ಎಂದು ಹದಿನೈದು ದಿನ ತಳ್ಳಿದೆ. ಕೊನೆಗೆ ಬಾಡಿಗೆಗೆ ಸಣ್ಣ ಸಿಲಿಂಡರು ತಂದು, ಆಟೋದಲ್ಲಿ ಕೂರಿಸಿಕೊಂಡು ಹೋದೆ.

ರಾಜೇಸಾಬರ ಹೆಂಡತಿ ಮಾಬೂಬಿ ಒಳಗಿನ ಖೋಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಅವರು ಹೊಸ್ತಿಲು ದಾಟುವಂತಿಲ್ಲ. ಅಕ್ಕನ ಮೂಗಿನ ನಳಿಕೆ ಕಂಡದ್ದೇ ಅವರ ಕಣ್ಣು ತುಂಬಿತು. ಇಬ್ಬರೂ ಕೈ ಕೈ ಹಿಡಿದು ಕೂತರು. ಮೂಲೆಯಲ್ಲಿ ಮಷಿನ್ ಇತ್ತು, ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದರು.

“ನಮ್ಮ ಓಣ್ಯಾಗ ಒಂದ ಕರವಸ್ತ್ರ ಸೈತ ಹಾಕಿರಲಿಲ್ಲವ್ವಾ ಹಾಳಿ ಮ್ಯಾಲೆ” ಎಂದರು ಮಾಬೂಬಿ. “ನಾವು ರಂಜಾನ್ ಮುಂದ ತೊಳಿಯೋರು. ಎಲ್ಲಾರ ಲೈನ್ ಹೋದ್ರೂ ನಮ್ಮದಿತ್ತು. ಇವರು ಹೆಮ್ಮಿಲೆ ಅಂದ್ರು, ನೋಡು, ನಾ ಅದೀನಿ ಅಂತ ಇಡೀ ಓಣಿಗೆ ಲೈನ್ ಐತಿ ಅಂತ. ಅಂದು ಇನ್ನೂ ಬಾಯಿ ಮುಚ್ಚಿಲ್ಲ, ಮಷಿನ್ ನಿಂತತು. ಗಡಿಯಾರ ನೋಡೇನಿ. ಹತ್ತು ಐವತ್ತೆರಡು.”

ಅಕ್ಕನ ಕೈ ಮಾಬೂಬಿಯ ಕೈಯಲ್ಲೇ ಇತ್ತು. ಅವಳು ಮೆಲ್ಲಗೆ ತಲೆ ತಿರುಗಿಸಿ ನನ್ನನ್ನು ನೋಡಿದಳು. ಆ ದಿನ ಮಂಚದ ಮೇಲೆ ಕೂತು ಅವಳೂ ಗಡಿಯಾರವನ್ನೇ ನೋಡುತ್ತಿದ್ದಳು, ಬೇರೆ ನೋಡಲು ಏನಿತ್ತು? ನನ್ನನ್ನು ಎತ್ತಿ ಬೆಳೆಸಿದವಳು. ಸುಳ್ಳು ಹೇಳಿದರೆ ನನ್ನ ಮುಖ ಹೇಗಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾನು ನೆಲ ನೋಡಿದೆ. ಅಷ್ಟು ಸಾಕಾಯಿತು ಅವಳಿಗೆ.

ಮಾಬೂಬಿಗೆ ಇದಾವುದೂ ತಿಳಿಯಲಿಲ್ಲ. ಹಾಸಿಗೆಯ ಕೆಳಗಿಂದ ಒಂದು ಕಾಗದ ತೆಗೆದರು. ಪರಿಹಾರದ ಅರ್ಜಿ ತಿರಸ್ಕರಿಸಿದ ಕಾಗದ. “ಮಷಿನ್ ತಾನ ಆರಿಸಿದ್ರ ಪರಿಹಾರ ಇಲ್ಲಂತ. ಮನಷ್ಯಾ ಆರಿಸಿದ್ರ ಐತಂತ, ಹಂಗ ನಿಯಮ ಐತಂತ. ರೊಕ್ಕ ಒತ್ತಟ್ಟಿಗಿರಲಿ. ಮಷಿನ್ ಯಾಕ ನಮ್ಮ ಓಣಿ ಆರಿಸ್ತು? ನಾವೇನು ತಪ್ಪು ಮಾಡಿದ್ವಿ? ಅದನ್ನ ಕೇಳಬೇಕು ನಾನು. ನಾ ಹೊರಗ ಹೋಗೂವಂಗಿಲ್ಲ, ಬರಿಯಾಕ ಬರೂದಿಲ್ಲ. ನೀ ಆಫೀಸಿನಾಕಿ ಅದಿ, ದಾನವ್ವಾ, ನೀನ ಒಂದು ಅರ್ಜಿ ಬರದು ಕೊಡು.”

“ನಾನು...” ಎಂದೆ.

“ಬರಿ” ಎಂದಳು ಅಕ್ಕ. ಅವಳ ದನಿ ನನಗೆ ಗುರುತೇ ಸಿಗಲಿಲ್ಲ. “ಆಕಿ ಕೇಳಾಕತ್ತಾಳ. ಬರಿ ದಾನೀ.”

ನೆಲದ ಮೇಲೆ ಕಾಗದ ಇಟ್ಟುಕೊಂಡು ಬರೆದೆ. ದಿನಾಂಕ, ಓಣಿ, ತೀರಿಕೊಂಡವರ ಹೆಸರು, ವಯಸ್ಸು, ಮಷಿನ್ ನಂಬರು. ಹತ್ತಾರು ವರ್ಷ ಇಂಥ ಅರ್ಜಿಗಳನ್ನು ತೆಗೆದುಕೊಂಡು ಸಿಕ್ಕಿಸಿಟ್ಟವಳು ನಾನು. ಕೈ ತಾನಾಗಿ ಓಡುತ್ತಿತ್ತು. ಕಾರಣದ ಸಾಲಿಗೆ ಬಂದಾಗ ನಿಂತಿತು. ನೌಕರಿ ಹೋಗುತ್ತದೆ. ಗುರುನಾಥನದೂ ಹೋಗುತ್ತದೆ. ಕೇಸಾಗುತ್ತದೆ, ಜೈಲಾದರೆ ಅಕ್ಕನಿಗೆ ಮಾತ್ರೆ ಕೊಡುವವರು ಯಾರು? ಇದನ್ನೆಲ್ಲ ಯೋಚಿಸಿದೆ, ಒಂದನ್ನೂ ಬಿಡಲಿಲ್ಲ. ಆಮೇಲೆ ಬರೆದೆ. ಮಡಚಿ ಮಾಬೂಬಿಯ ಕೈಗೆ ಕೊಟ್ಟು ಎದ್ದು ಹೋಗಿಬಿಡಬೇಕೆಂದಿದ್ದೆ.

“ಓದಿ ಹೇಳವ್ವಾ” ಎಂದರು ಮಾಬೂಬಿ. “ಓದಿ ಹೇಳಿದ ಮ್ಯಾಲೆ ಹೆಬ್ಬಟ್ಟು ಒತ್ತತೀನಿ. ಇವರು ಯಾವಾಗ್ಲೂ ಹೇಳೋರು, ಕೇಳದ ಒತ್ತಬ್ಯಾಡ ಅಂತ.”

ನಾನು ಅಕ್ಕನನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ.

ಓದಿದೆ. “ಸದರಿ ದಿನ ಹತ್ತು ಗಂಟೆ ಐವತ್ತೆರಡು ನಿಮಿಷಕ್ಕೆ ನಮ್ಮ ಓಣಿಯ ಲೈನ್ ಆರಿಸಿದ್ದು ಯಂತ್ರವಲ್ಲ. ಪಾಳಿಯ ಇಂಜಿನಿಯರ್ ದಾನಮ್ಮ ಹೊಸಮನಿ ಎಂಬುವರು, ಮೂವತ್ತೊಂದನೇ ಓಣಿಯ ತಮ್ಮ ಮನೆಯಲ್ಲಿ ಇದೇ ಕಾಯಿಲೆಯಿಂದ ಇರುವ ತಮ್ಮ ಅಕ್ಕನನ್ನು ಉಳಿಸಿಕೊಳ್ಳಲು, ನಮ್ಮ ಓಣಿಯಲ್ಲಿಯೂ ಒಬ್ಬ ರೋಗಿ ಇರುವುದು ಗೊತ್ತಿದ್ದು, ತಮ್ಮ ಕೈಯಿಂದ ಆರಿಸಿರುತ್ತಾರೆ. ನಮ್ಮ ಓಣಿಯವರ ತಪ್ಪು ಏನೂ ಇರುವುದಿಲ್ಲ.”

ಹೊರಗೆ ಯಾವುದೋ ಮನೆಯಲ್ಲಿ ಹಿಂಜುವ ಯಂತ್ರ ಓಡುತ್ತಿತ್ತು. ಮಾಬೂಬಿ ಅಕ್ಕನ ಕೈ ಬಿಟ್ಟರು. ನನ್ನ ಕಡೆ ನೋಡಲಿಲ್ಲ. ಅಕ್ಕನ ಮುಖವನ್ನು, ಮೂಗಿನ ನಳಿಕೆಯನ್ನು, ಪಕ್ಕದ ಸಣ್ಣ ಸಿಲಿಂಡರನ್ನು ಬಹಳ ಹೊತ್ತು ನೋಡಿದರು. ಅಕ್ಕ ತಲೆ ತಗ್ಗಿಸಿಕೊಂಡು ಉಸಿರಾಡುತ್ತಿದ್ದಳು, ಸದ್ದಾಗದ ಹಾಗೆ ಉಸಿರಾಡಲು ನೋಡುತ್ತಿದ್ದಳು.

ಆಮೇಲೆ ಮಾಬೂಬಿ ಬಲಗೈ ಮುಂದೆ ಚಾಚಿದರು.

“ಮಸಿ ಹಚ್ಚು” ಎಂದರು.

ನಾನು ಅವರ ಹೆಬ್ಬೆರಳು ಹಿಡಿದು ಮಸಿ ಹಚ್ಚಿದೆ.